ಮುಂಗಾಲಿನ ಲಾಳ

ನಮ್ಮಪ್ಪ ತೆಮಿರಾಲಿಯಂಥ ನ್ಯಾಯವಂತ ಕಾರಾ-ಬೆಲ್ ಘಾಟಿಯ ಆಚೆಗೂ ಇಲ್ಲ, ಈಚೆಗೂ ಇಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಹೇಳಲಿ. ಊರಿಗೇನು ಖರ್ಚು? ಆ ನ್ಯಾಯವನ್ನು ಉಂಡವಳು ನಾನು.

ಮದುವೆಯಿರಲಿ, ಸಾವಿನ ಊಟವಿರಲಿ, ಬೆಂದ ಕುರಿಯನ್ನು ಪಾಲು ಹಾಕಲು ಅಪ್ಪನನ್ನೇ ಕರೆಯುತ್ತಿದ್ದರು. ಯಾವ ಮೂಳೆ ಯಾರ ಬಟ್ಟಲಿಗೆ ಹೋಯಿತು ಎಂಬುದಕ್ಕೇ ನಮ್ಮಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು. ಅಪ್ಪ ಚಾಕು ಹಿಡಿದು ಕೂತರೆ ಮಾತ್ರ ಯಾರೂ ಪಿಟಕ್ಕೆನ್ನುತ್ತಿರಲಿಲ್ಲ. ಮನೆಯಲ್ಲೂ ಹಾಗೆಯೇ. ಅಣ್ಣ ತುರಾತನಿಗೆ ಒಂದು ತೊಡೆ ಹೋದರೆ ತಮ್ಮ ಮೆದೆರನಿಗೆ ಇನ್ನೊಂದು. ನಡುವೆ ಹುಟ್ಟಿದ ನಾನು, ಬುರುಲ್, ಬಾಲದ ಮೂಳೆ ಚೀಪುತ್ತಿದ್ದೆ. ಹೆಣ್ಣುಮಕ್ಕಳಿಗೆ ಸಲ್ಲುವುದು ಅದೇ. ರುಚಿಯಾಗಿಯೇ ಇರುತ್ತದೆ, ಸುಳ್ಳು ಹೇಳಬಾರದು.

ಅಣ್ಣ ಘಾಟಿಯ ಈಚೆಯ ಬಾಲಿಕ್ಚಿ ಪಟ್ಟಣದಲ್ಲಿ ಟ್ಯಾಕ್ಸಿ ಓಡಿಸುತ್ತಾನೆ, ಸರೋವರದ ದಂಡೆಯ ಸಪಾಟು ರಸ್ತೆಯಲ್ಲಿ. ತಮ್ಮ ಕಿರಿಯ ಮಗ, ಹಾಗಾಗಿ ಪದ್ಧತಿಯಂತೆ ಅಪ್ಪನ ಮನೆ ಅವನ ಪಾಲಿಗೆ ಬಂತು. ಊರಲ್ಲೇ ಇದ್ದುಕೊಂಡು ಹಾಲು, ಮೇವು, ಜನ, ಏನು ಸಿಕ್ಕರೂ ಹೇರಿಕೊಂಡು ತಿರುಗುತ್ತಾನೆ. ನಾನು ಘಾಟಿಯ ಈಚೆ ಕೊಚ್ಕೋರಿಗೆ ಸೊಸೆಯಾಗಿ ಬಂದವಳು, ಇಲ್ಲೇ ಮುದುಕಿಯಾಗುತ್ತಿದ್ದೇನೆ. ಅಮ್ಮ ಹೋಗಿ ಬಹಳ ವರ್ಷವಾಯಿತು. ಅಣ್ಣತಮ್ಮಂದಿರಿಬ್ಬರ ಕಾರೂ ಒಂದೇ ಜಾತಿಯದು. ಜಪಾನಿನಲ್ಲಿ ಯಾರೋ ಓಡಿಸಿ ಸಾಕೆಂದು ಬಿಟ್ಟ, ನಮ್ಮ ರಸ್ತೆಗೆ ಹೊಂದದ ಬಲಗೈ ಸ್ಟೀರಿಂಗಿನ, ಮುಂದಿನ ಚಕ್ರಗಳು ಎಳೆಯುವ ಪುಟ್ಟ ಕಾರು. ಅಣ್ಣ ತಗೊಂಡ ಎಂದು ತಮ್ಮನೂ ಅದನ್ನೇ ತಗೊಂಡ.

ಚಳಿಗಾಲದ ಶುರುವಿನಲ್ಲಿ ಅಪ್ಪ ದನದ ಸಂತೆಗೆ ಹೋಗಿ, ಒಂದು ಟಗರು ಕೊಟ್ಟು, ನಾಲ್ಕು ಹಿಮದ ಟೈರು ತಂದ. ಆಳವಾದ ಗೀರುಗಳಿದ್ದ, ಮೈತುಂಬ ಹಿಮ ಕಚ್ಚುವ ಮೊಳೆ ಕೂರಿಸಿದ್ದ ಒಳ್ಳೆಯ ಟೈರುಗಳು. ಚಳಿಗಾಲದ ಮಾಂಸ ಕಡಿದು ಉಪ್ಪು ಹಾಕಲು ನಾನೂ ತವರಿಗೆ ಹೋಗಿದ್ದೆ, ಅಣ್ಣನೂ ಬಂದಿದ್ದ. ಅಪ್ಪ ಟೈರುಗಳನ್ನು ಅಂಗಳದಲ್ಲಿ ಉರುಳಿಸಿಕೊಂಡು ಬಂದು, ಎರಡನ್ನು ತುರಾತನ ಕಾರಿನ ಮುಂದೆ, ಎರಡನ್ನು ಮೆದೆರನ ಕಾರಿನ ಮುಂದೆ ಒರಗಿಸಿ, ಕೈ ಝಾಡಿಸಿಕೊಂಡ.

"ಕಾರಿಗೆ ನಾಲ್ಕು ಚಕ್ರ ಅಲ್ವೇನಪ್ಪಾ?" ಅಂದೆ. ಕೈಯೆಲ್ಲ ರಕ್ತ, ಉಪ್ಪು. ತಮಾಷೆಗೇ ಕೇಳಿದ್ದು.

"ನಾಲ್ಕರವರೆಗೆ ಎಣಿಸೋಕೆ ನಂಗೂ ಬರುತ್ತೆ ಕಣೇ," ಅಂದ ಅಪ್ಪ. ಸರ್ಕಾರಿ ಕೃಷಿ ಫಾರಮ್ಮಿನ ಲಾರಿಯನ್ನು ಜೀವಮಾನವಿಡೀ ಓಡಿಸಿದವನು, ಕಾರಿನ ವಿಷಯದಲ್ಲಿ ಅವನಿಗೆ ಎದುರಾಡುವವರಿರಲಿಲ್ಲ. "ಲಾರೀಲಿ ಹಿಂದಿನ ಚಕ್ರ ತಳ್ಳುತ್ತೆ. ಅದಕ್ಕೇ ಹಿಮದಲ್ಲಿ ಸರಪಳಿ ಹಿಂದಕ್ಕೆ ಸುತ್ತುತಿದ್ವಿ. ಇದ್ರಲ್ಲಿ ಮುಂದಿನ ಚಕ್ರ ಎಳೆಯುತ್ತೆ. ಒಳ್ಳೇ ಟೈರು ಮುಂದಕ್ಕೆ. ಕುದುರೆಗೆ ಲಾಳ ಎಲ್ಲಿ ಹೊಡೀತೀವಿ? ಮುಂಗಾಲಿಗೆ. ಹಿಂಗಾಲಿಗೆ ಹೊಡೆದವನ್ನ ಈ ಊರಲ್ಲಿ ತೋರ್ಸು ನೋಡೋಣ."

"ಹಂಗಾದ್ರೆ ಹಿಂದಿನ ಚಕ್ರಕ್ಕೆ?"

"ಹಿಂದಿಂದು ಹಿಂದೆ ಬರುತ್ತೆ. ಇನ್ನೆಲ್ಲಿಗೆ ಹೋಗುತ್ತೆ ಅದು?"

ಎಲ್ಲರೂ ನಕ್ಕರು. ಇನ್ನೊಂದು ಟಗರು ಕೊಟ್ಟು ಇನ್ನೂ ನಾಲ್ಕು ತರಬಾರದಾ ಎಂದು ಮೆದೆರ್ ಸಣ್ಣಗೆ ರಾಗ ಎಳೆದ. ಕೆಲಸ ಮಾಡದ ಕಾಲಿಗೆ ಲಾಳ ಹೊಡೆಸುವವನು ಹುಚ್ಚ ಎಂದು ಅಪ್ಪ ಅವನ ಬಾಯಿ ಮುಚ್ಚಿಸಿದ.

"ನಂಗೇನಿಲ್ವಾ?" ಅಂದೆ ನಾನು.

"ನಿಂಗ್ಯಾಕೆ ಟೈರು? ನೀನು ಕೂತ್ಕೊಂಡು ಬರೋಳು."

ಬೇಸಿಗೆಯ ಬೋಳು ಟೈರುಗಳನ್ನು ಮುಂದಿನಿಂದ ಬಿಚ್ಚಿ ಹೊಸವನ್ನು ಹಾಕಿದರು. ಹಿಂದಿನ ಬೋಳು ಟೈರು ಹಾಗೇ ಉಳಿದವು. ಮನೆಯ ಹಿಂದಿನ ಏರಿನಲ್ಲಿ ಪರೀಕ್ಷೆ ನಡೆಯಿತು. ಎರಡು ಕಾರೂ ಸರಸರನೆ ಹತ್ತಿದವು. ಅಲ್ಲಿ ತಿರುಗಿಸಲು ಜಾಗವಿಲ್ಲ, ಹಾಗಾಗಿ ಇಬ್ಬರೂ ರಿವರ್ಸಿನಲ್ಲಿ ಮೆಲ್ಲಗೆ ಇಳಿದು ಬಂದರು. ಅಕ್ಕಪಕ್ಕದವರು ಭೇಷ್ ಅಂದರು. ಅಪ್ಪ ಗಡ್ಡ ನೀವಿಕೊಂಡ. ಮುಖ ಕೆಳಗೆ ಮಾಡಿ ಇಳಿದರೆ ಏನಾಗುತ್ತದೆಂದು ನೋಡಲು ಯಾರಿಗೂ ಹೊಳೆಯಲಿಲ್ಲ.

ಚಳಿ ಮೂಳೆ ಕೊರೆಯುವ ಜನವರಿಯಲ್ಲಿ ಒಂದು ಸಂಜೆ ಅಪ್ಪ ಚಹಾದ ಬಟ್ಟಲು ಕೆಳಗಿಟ್ಟು, ಪಕ್ಕಕ್ಕೆ ವಾಲಿ, ಹೋಗಿಬಿಟ್ಟ. ಯಾರಿಗೂ ತೊಂದರೆ ಕೊಡಲಿಲ್ಲ ಎಂದು ಜನ ಹೊಗಳಿದರು. ಚಿಕ್ಕಪ್ಪ ಅಸಾನಾಲಿ ಫೋನು ಮಾಡಿದ.

"ಬುರುಲ್, ಅತ್ತುಕೋ, ಆದ್ರೆ ಹೊರಡು. ತುರಾತ್ ಬೆಳಿಗ್ಗೆ ಬಂದು ನಿನ್ನ ಕರ್ಕೊಂಡು ಬರ್ತಾನೆ. ನಾಳೆ ಮಧ್ಯಾಹ್ನದ ನಮಾಜಿಗೆ ಎತ್ತುತೀವಿ. ನೆಲ ಕಲ್ಲಾಗಿದೆ, ಬೆಂಕಿ ಹಾಕಿ ಕರಗಿಸಿ ಅಗೀಬೇಕು. ಅಗೆದ ಮೇಲೆ ಗುಂಡಿ ಬಾಯಿ ತೆಕ್ಕೊಂಡು ರಾತ್ರಿ ಕಳೀಬಾರದು, ಗೊತ್ತಲ್ಲ."

"ಕಾಯ್ತೀರಲ್ಲಾ ಚಿಕ್ಕಪ್ಪ?"

"ನಿನ್ನ ಬಿಟ್ಟು ಎತ್ತುತೀವೇನೇ? ನಿಮ್ಮಪ್ಪಂಗೆ ಇರೋಳು ಒಬ್ಬಳೇ ಮಗಳು."

ನಮ್ಮಲ್ಲಿ ಸತ್ತವರನ್ನು ಅಂಗಳದಲ್ಲಿ ಗುಡಾರ ಹಾಕಿ ಮಲಗಿಸುತ್ತಾರೆ. ಗಂಡುಮಕ್ಕಳು ಅದರ ಹೊರಗೆ ಕೋಲೂರಿ ಬಾಗಿ ನಿಂತು ಅಳಬೇಕು. ಮಗಳು ಬೇಲಿಯ ಹತ್ತಿರದಿಂದಲೇ ಹಾಡಿಕೊಂಡು ಅಳುತ್ತ ಬಂದು, ಒಳಗೆ ಹೋಗಿ, ಪರದೆಯ ಹಿಂದೆ ಮಲಗಿಸಿದ ಅಪ್ಪನ ಪಕ್ಕ ಕೂತು, ಅವನ ಗುಣವನ್ನೆಲ್ಲ ಹಾಡಿ ಕಳಿಸಬೇಕು. ಗೋರಿಯ ಹತ್ತಿರ ಹೆಂಗಸರು ಹೋಗುವಂತಿಲ್ಲ. ಹಾಗಾಗಿ ಗುಡಾರದೊಳಗಿನ ಆ ಹೊತ್ತೇ ನನ್ನದು. ಅದೊಂದೇ ನನ್ನ ಪಾಲು. ಅಪ್ಪನ ಆಸ್ತಿಯಲ್ಲಿ ನನಗೆ ಬೇರೇನೂ ಬೇಡವಾಗಿತ್ತು, ಆ ಮುಖವೊಂದು ನೋಡಬೇಕಿತ್ತು.

ಬೆಳಕು ಹರಿಯುವ ಹೊತ್ತಿಗೆ ಅಣ್ಣ ಬಂದ. ಕಣ್ಣು ಊದಿತ್ತು. ಹಿಂದಿನ ಸೀಟಿನಲ್ಲಿ ಹೆಂಗಸರು ಕೊಟ್ಟು ಕಳಿಸಿದ ರೊಟ್ಟಿಯ ಗಂಟುಗಳ ನಡುವೆ ನಾನು ಕೂತೆ. ಹಿಂದಿನ ದಿನವೆಲ್ಲ ಹಿಮ ಬಿದ್ದು ನಿಂತಿತ್ತು. ಆಕಾಶ ಶುಭ್ರ. ನಮ್ಮೂರ ಘಾಟಿಗೆ ಹಿಮ ಗೋರುವ ಯಂತ್ರ ಮನಸ್ಸಾದಾಗ ಬರುತ್ತದೆ. ಅವತ್ತು ಮನಸ್ಸಾಗಿರಲಿಲ್ಲ. ರಸ್ತೆಯಲ್ಲಿ ನಮ್ಮದೊಂದೇ ಕಾರು.

ದಾರಿಯುದ್ದಕ್ಕೂ ನಾನು ಹಾಡು ಕಟ್ಟಿಕೊಂಡೆ. ಒಂದೇ ಕಾಳನ್ನು ಇಬ್ಬರಿಗೆ ಸೀಳಿ ಕೊಟ್ಟವನೇ, ಚಾಕು ಹಿಡಿದರೆ ಜಗಳ ಕರಗಿಸಿದವನೇ ಎಂದು. ಚೆನ್ನಾಗಿಯೇ ಕಟ್ಟಿದ್ದೆ.

ಏರು ಶುರುವಾಯಿತು. ಕಾರು ಹಿಮವನ್ನು ಕಚ್ಚಿಕೊಂಡು ಹತ್ತಿತು. ಮೊಳೆಗಳು ಕಿರಿಕಿರಿ ಸದ್ದು ಮಾಡುತ್ತಿದ್ದವು.

"ನೋಡು, ಹೆಂಗೆ ಎಳೀತಾ ಇದೆ!" ಅಂದ ಅಣ್ಣ. "ಅಪ್ಪಾನೇ ಎಳ್ಕೊಂಡು ಹೋಗ್ತಾ ಇದಾನೆ ನಮ್ಮನ್ನ."

ಇಬ್ಬರೂ ಅತ್ತೆವು. ಘಾಟಿಯ ನೆತ್ತಿ ದಾಟಿದ ಕೂಡಲೇ ದೂರದಲ್ಲಿ ನಮ್ಮೂರು ಕಂಡಿತು. ಊರಾಚೆಯ ಸ್ಮಶಾನದ ದಿಬ್ಬದ ಮೇಲೆ ಕಪ್ಪು ಹೊಗೆ ನೇರ ಮೇಲಕ್ಕೆ ಎದ್ದಿತ್ತು.

"ಹಳೇ ಟೈರು ಸುಡ್ತಾ ಇದಾರೆ," ಅಂದ ಅಣ್ಣ. "ನೆಲ ಕರಗೋಕೆ ಅದೇ ಒಳ್ಳೇದು. ಹೊಗೆ ಇದೆ ಅಂದ್ರೆ ಇನ್ನೂ ಅಗೆದಿಲ್ಲ. ಹೊತ್ತಿದೆ ನಮಗೆ."

ಇಳಿಜಾರಿನ ಮೊದಲ ದೊಡ್ಡ ತಿರುವು ಬಂತು. ಅಣ್ಣ ಬ್ರೇಕನ್ನು ಸುಮ್ಮನೆ ಮುಟ್ಟಿದನಷ್ಟೇ. ಮುಂದಿನ ಚಕ್ರಗಳು ಹೇಳಿದ ಮಾತು ಕೇಳಿದವು. ನಾನು ಕೂತಿದ್ದ ಹಿಂಭಾಗ ಕೇಳಲಿಲ್ಲ. ಅದು ಮೆತ್ತಗೆ, ಸದ್ದಿಲ್ಲದೆ, ಪಕ್ಕಕ್ಕೆ ಹೊರಟಿತು. ರೊಟ್ಟಿಯ ಗಂಟುಗಳೆಲ್ಲ ನನ್ನ ಮೇಲೆ ಬಂದವು. ಅಣ್ಣ ಏನೇನೋ ತಿರುಗಿಸಿದ. ಕಾರು ಅರ್ಧ ಸುತ್ತು ತಿರುಗಿ, ಬೆಟ್ಟದ ಕಡೆಯ ಚರಂಡಿಗೆ ಹಿಂಭಾಗವನ್ನು ಇಳಿಸಿ, ಮೂತಿಯನ್ನು ಬಂದ ದಾರಿಗೇ ತೋರಿಸಿ ನಿಂತಿತು. ಆಚೆ ಕಣಿವೆಯ ಕಡೆಗೆ ಹೋಗಿದ್ದರೆ ಈ ಕಥೆ ಹೇಳಲು ನಾನಿರುತ್ತಿರಲಿಲ್ಲ.

ಹಿಂದಿನದು ಹಿಂದೆ ಬರುತ್ತದೆ ಎಂದಿದ್ದನಲ್ಲ ಅಪ್ಪ. ಅದು ಮುಂದೆ ಬಂದಿತ್ತು.

ತಳ್ಳಿದೆವು, ಕೈಯಲ್ಲಿ ಹಿಮ ತೋಡಿದೆವು, ನನ್ನ ಶಾಲನ್ನು ಚಕ್ರದಡಿ ಹಾಕಿದೆವು. ಕಾರು ಅಲ್ಲಾಡಲಿಲ್ಲ. ನೆತ್ತಿಯ ಮೇಲೆ ಮಾತ್ರ ಫೋನು ಸಿಗುವುದು. ಅಣ್ಣ ಏದುಸಿರು ಬಿಡುತ್ತ ಹತ್ತಿ ಹೋಗಿ ಮೆದೆರನಿಗೆ ಹೇಳಿ ಬಂದ.

ಊರಲ್ಲಿ ಏನಾಯಿತೆಂದು ಆಮೇಲೆ ತಿಳಿಯಿತು. ಮೆದೆರ್ ಗುಡಾರದ ಮುಂದೆ ಕೋಲೂರಿ ನಿಂತಿದ್ದನಂತೆ. ಚಿಕ್ಕಪ್ಪ ತನ್ನ ಜೀಪಿನ ಬೀಗದಕೈ ತೆಗೆದು, "ನನ್ನ ಅಳಿಯನ್ನ ಕಳಿಸ್ತೀನಿ, ನೀನು ಇಲ್ಲಿಂದ ಕದಲಬೇಡ," ಅಂದನಂತೆ. ಇವನಿಗೆ ಪೌರುಷ. "ನನ್ನ ಅಕ್ಕನ್ನ ಇನ್ನೊಬ್ಬರ ಮನೆ ಅಳಿಯ ತರಬೇಕಾ? ಅಪ್ಪ ನಂಗೂ ಟೈರು ಕೊಟ್ಟಿಲ್ವಾ?" ಎಂದು ಕೋಲನ್ನು ಚಿಕ್ಕಪ್ಪನ ಕೈಗೆ ತುರುಕಿ ಕಾರು ಹತ್ತಿದನಂತೆ.

ಆ ಕಡೆಯಿಂದ ಅವನಿಗೆ ಏರು. ಏರಿನಲ್ಲಿ ಅಪ್ಪನ ಟೈರು ಚಿನ್ನ. ಸರ್ರನೆ ಹತ್ತಿ ಬಂದು, ಬಾಗಿಲು ತೆಗೆದು, ಸೊಂಟಕ್ಕೆ ಶೋಕದ ಪಟ್ಟಿ ಕಟ್ಟಿಕೊಂಡೇ ಇಳಿದ. ನನ್ನನ್ನು ತಬ್ಬಿ ಗೊಳೋ ಎಂದು ಅತ್ತ. ಅತ್ತು ಮುಗಿದ ಮೇಲೆ ಅಣ್ಣನ ಕಾರನ್ನು ನೋಡಿದ.

"ಏನಣ್ಣಾ, ಟ್ಯಾಕ್ಸಿ ಡ್ರೈವರು ನೀನು! ಸರೋವರದ ದಂಡೇಲಿ ಓಡಿಸಿ ಓಡಿಸಿ ಬೆಟ್ಟ ಮರೆತುಬಿಟ್ಯಾ?"

"ಬಾಯಿ ಮುಚ್ಕೊಂಡು ನಡಿ," ಅಂದ ಅಣ್ಣ.

"ಮುಚ್ಕೊತೀನಿ. ಆದ್ರೆ ಟೈರು ಅಪ್ಪ ನಿಂಗೂ ಅದೇ ಕೊಟ್ಟಿದ್ದು, ನಂಗೂ ಅದೇ ಕೊಟ್ಟಿದ್ದು. ವ್ಯತ್ಯಾಸ ಎಲ್ಲಿದೆ ಅಂತ ಜನ ಕೇಳ್ತಾರೆ, ಅಷ್ಟೇ."

ಮೂವರೂ ಅವನ ಕಾರಿನಲ್ಲಿ ಕೂತೆವು. ಅವನು ತಿರುಗಿಸಿಕೊಂಡು ಇಳಿಯತೊಡಗಿದ. ವ್ಯತ್ಯಾಸ ಎಲ್ಲಿದೆ ಎಂಬುದು ಮುಂದಿನ ತಿರುವಿನಲ್ಲೇ ತಿಳಿಯಿತು. ಎಲ್ಲೂ ಇರಲಿಲ್ಲ. ಹಿಂಭಾಗ ಮತ್ತೆ ಮೆತ್ತಗೆ ಹೊರಟಿತು, ಆಕಾಶ ಒಂದು ಸುತ್ತು ಹೊಡೆಯಿತು, ಕಾರಿನ ಮೂತಿ ಹಿಮದ ದಿಬ್ಬಕ್ಕೆ ಗುದ್ದಿತು. ಈ ಕಾರಿಗೆ ಏನೂ ಆಗಿರಲಿಲ್ಲ. ಹಿಂದಕ್ಕೆ ತೆಗೆದು ಮತ್ತೆ ಹೊರಟರೆ, ನಡೆಯುವ ವೇಗದಲ್ಲಿ ಹೋಗುವಾಗಲೂ ಅದರ ಹಿಂಭಾಗ ಕಣಿವೆಯ ಕಡೆಗೆ ಜಾರಿತು. ಮೆದೆರ್ ನಿಲ್ಲಿಸಿ, ಕೈಬ್ರೇಕು ಎಳೆದು, ಕೈಗಳನ್ನು ತೊಡೆಯ ನಡುವೆ ಅವುಚಿಕೊಂಡ.

"ನಾನು ಇಳಿಸಲ್ಲ," ಅಂದ. "ಕೆಳಗೆ ಇಂಥಾವು ಇನ್ನೂ ಎಷ್ಟಿವೆ ತಿರುವು!"

ನಾನು ಇಳಿದು ಸ್ಮಶಾನದ ದಿಬ್ಬದ ಕಡೆ ನೋಡಿದೆ. ಹೊಗೆ ಇನ್ನೂ ಇತ್ತು, ತೆಳುವಾಗಿತ್ತು.

"ಹಿಂದಿನ ಚಕ್ರ ಕಣ್ರೋ ಹೋಗ್ತಿರೋದು," ಅಂದೆ. "ಎರಡು ಸಲಾನೂ ನಾನು ಅದರ ಮೇಲೇ ಕೂತಿದ್ದೆ. ಮುಂದಿಂದು ಹಿಡ್ಕೊಳ್ಳುತ್ತೆ, ಹಿಂದಿಂದು ಬಿಡುತ್ತೆ. ಅಪ್ಪನ ಟೈರು ನಾಲ್ಕೂ ಈಗ ಈ ಬೆಟ್ಟದ ಮೇಲೇ ಇವೆ. ಒಂದೇ ಕಾರಿಗೆ ಹಾಕಿ, ಹೋಗೋಣ."

ಇಬ್ಬರೂ ನನ್ನನ್ನು ನೋಡಿದರು. ಮಾತು ಇಬ್ಬರಿಗೂ ಹಿಡಿಸಿತು. ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು.

"ನನ್ನ ಕಾರಿಗೆ ಹಾಕೋಣ," ಅಂದ ಮೆದೆರ್. "ನಂದು ರಸ್ತೆ ಮೇಲಿದೆ."

"ನಂದನ್ನ ಮೇಲಕ್ಕೆತ್ತಿದ್ರೆ ಅದೂ ರಸ್ತೆ ಮೇಲಿರುತ್ತೆ," ಅಂದ ತುರಾತ್. "ನಿನ್ನ ಕಾರಲ್ಲಿ ಹಗ್ಗ ಇದೆ ಅಲ್ವಾ? ಎಳಿ. ಹಿರೇ ಮಗ ಅಪ್ಪನ ಮಣ್ಣಿಗೆ ತಮ್ಮನ ಕಾರಲ್ಲಿ ಕೂತ್ಕೊಂಡು ಬಂದ ಅಂತ ಅನ್ನಿಸ್ಕೊಬೇಕಾ ನಾನು?"

"ಅಂದ್ರೆ ಅಂದ್ಕೊಳ್ಳಿ!"

"ನಿಂಗೇನು, ಹೇಳ್ತೀಯ. ಮನೆ ನಿಂಗೆ ಬಂತು, ಕೊಟ್ಟಿಗೆ ನಿಂಗೆ ಬಂತು. ಈಗ ಎರಡು ಟೈರು ನನ್ನ ಪಾಲಿಗಿದ್ದಿದ್ದು, ಅದೂ ನಿನ್ನ ಕಾರಿಗೇ ಬೇಕು. ಹಾಕಿದ ಮೇಲೆ ಬಿಚ್ಚಿಕೊಡ್ತೀಯ ಅಂತ ಏನು ಗ್ಯಾರಂಟಿ?"

"ಅಪ್ಪನ ಹೇಲು ಉಚ್ಚೆ ತೆಗೆದೋನು ನಾನು! ನೀನು ಹಬ್ಬಕ್ಕೆ ಬಂದು ಮಾಂಸ ತಿಂದು ಹೋಗ್ತಿದ್ದೆ!"

ಅಪ್ಪ ಕಾಯಿಲೆ ಬಿದ್ದವನೇ ಅಲ್ಲ, ಹೇಲು ಉಚ್ಚೆ ತೆಗೆದದ್ದು ಯಾವಾಗಲೋ. ಆದರೆ ಜಗಳಕ್ಕೆ ಅದೆಲ್ಲ ಯಾಕೆ? ಚಿಕ್ಕಂದಿನಲ್ಲಿ ಕಳೆದ ಚಾಕು, ಯಾರದೋ ಮದುವೆಯಲ್ಲಿ ಯಾರೋ ಕೊಡದ ಕೋಟು, ಎಲ್ಲ ಆ ಹಿಮದ ಮೇಲೆ ಬಂದು ಬಿತ್ತು. ಇಬ್ಬರ ಬಾಯಿಂದಲೂ ಹಬೆ. ಇಬ್ಬರ ಸೊಂಟದಲ್ಲೂ ಶೋಕದ ಪಟ್ಟಿ. ಅಪ್ಪ ಸತ್ತು ಒಂದು ದಿನವಾಗಿಲ್ಲ. ಇವರಿಬ್ಬರ ನಡುವೆ ಜಗಳವಾಗಬಾರದು ಎಂದಲ್ಲವೇ ಅವನು ಜೀವಮಾನವಿಡೀ ಗುಲಗಂಜಿ ತೂಕ ಆಚೀಚೆಯಾಗದಂತೆ ಪಾಲು ಹಾಕಿದ್ದು! ಎಲ್ಲ ಸಮ ಸಮ ಕೊಟ್ಟೂ ಕೊಟ್ಟೂ, ಅಳತೆಗೋಲು ಹಿಡಿಯದೆ ಒಂದು ಮಾತೂ ಆಡಲಾರದ ಇಬ್ಬರನ್ನು ಬೆಳೆಸಿ ಇಟ್ಟಿದ್ದ.

ನಾನು ದಿಬ್ಬದ ಕಡೆ ನೋಡುತ್ತಲೇ ಇದ್ದೆ. ಹೊಗೆ ಎಳೆಯಾಯಿತು. ಆಮೇಲೆ ಇರಲಿಲ್ಲ.

"ಹೊಗೆ ನಿಂತಿತು," ಅಂದೆ.

ಅವರಿಗೆ ಕೇಳಿಸಲಿಲ್ಲ. ನಾನು ರೊಟ್ಟಿಯ ಗಂಟು ಅಲ್ಲೇ ಬಿಟ್ಟು ನಡೆಯತೊಡಗಿದೆ. ನಡೆದು ಮುಟ್ಟುವ ದೂರವಲ್ಲ, ಗೊತ್ತಿತ್ತು. ನಿಂತರೆ ಅವರಲ್ಲಿ ಒಬ್ಬನ ತಲೆಗೆ ಜಾಕಿನಿಂದ ಹೊಡೆಯುತ್ತೇನೆ ಅನ್ನಿಸಿತು, ಅದಕ್ಕೇ ನಡೆದೆ. ಮೊಣಕಾಲವರೆಗೆ ಹಿಮ. ಎರಡು ಸಲ ಬಿದ್ದೆ. ಹಿಂದೆ ಗಲಾಟೆ ನಿಂತದ್ದು ಕೇಳಿಸಿತು, ಸ್ವಲ್ಪ ಹೊತ್ತಿಗೆ ಸ್ಪಾನರಿನ ಸದ್ದು. ನಾನು ತಿರುಗಿ ನೋಡಲಿಲ್ಲ.

ಬಹಳ ಹೊತ್ತಾದ ಮೇಲೆ ಕಾರು ಹಿಂದಿನಿಂದ ಬಂದು ಪಕ್ಕದಲ್ಲಿ ನಿಂತಿತು. ಮೆದೆರನ ಕಾರು. ನಾಲ್ಕು ಕಾಲಿಗೂ ಅಪ್ಪನ ಟೈರು. ತುರಾತ್ ಮುಖ ಆಚೆಗೆ ತಿರುಗಿಸಿಕೊಂಡು ಮುಂದೆ ಕೂತಿದ್ದ. ಅಣ್ಣನ ತುಟಿ ಒಡೆದಿತ್ತು. ಯಾರು ಹೊಡೆದರೆಂದು ನಾನು ಕೇಳಲಿಲ್ಲ.

ಆಮೇಲಿನ ಇಳಿಜಾರನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ಏನೂ ಆಗಲಿಲ್ಲ. ತಿರುವು ಬರುತ್ತಿತ್ತು, ಕಾರು ತಿರುಗುತ್ತಿತ್ತು, ಮುಂದಕ್ಕೆ ಹೋಗುತ್ತಿತ್ತು. ಮೆದೆರ್ ಬ್ರೇಕು ಒತ್ತಿದರೆ ನಿಲ್ಲುತ್ತಿತ್ತು, ಬಿಟ್ಟರೆ ಹೊರಡುತ್ತಿತ್ತು. ಬೇಸಿಗೆಯ ರಸ್ತೆಯಲ್ಲಿ ಹೋದ ಹಾಗೆ. ಇಷ್ಟು ಸುಲಭದ ದಾರಿಯಾಗಿತ್ತು ಅದು.

ಊರು ಸೇರುವ ಹೊತ್ತಿಗೆ ಗಂಡಸರು ದಿಬ್ಬದಿಂದ ಇಳಿದು ಬರುತ್ತಿದ್ದರು. ಸುಟ್ಟ ರಬ್ಬರಿನ ವಾಸನೆ ಊರೆಲ್ಲ ತುಂಬಿತ್ತು. ಕೈಗೆ ಮೆತ್ತಿದ ಕಪ್ಪು ಮಣ್ಣನ್ನು ಹಿಮದಲ್ಲಿ ತಿಕ್ಕಿ ತೊಳೆಯುತ್ತಿದ್ದವರು ನಮ್ಮ ಕಾರು ನೋಡಿ ಕಣ್ಣು ಕೆಳಗೆ ಹಾಕಿದರು.

ನಾನು ಬೇಲಿಯ ಹತ್ತಿರದಿಂದ ಅಳುತ್ತಲೇ ಹೋದೆ, ಪದ್ಧತಿಯಂತೆ. ಒಳಗಿದ್ದ ಹೆಂಗಸರು ದನಿಗೂಡಿಸಿದರು. ಗುಡಾರದೊಳಗೆ ಪರದೆಯನ್ನು ಸುತ್ತಿ ಮೇಲೆ ಕಟ್ಟಿದ್ದರು. ಅವನನ್ನು ಮಲಗಿಸಿದ್ದ ಜಾಗದಲ್ಲಿ ಕಂಬಳಿ ಒಂದಿಷ್ಟು ತಗ್ಗಾಗಿತ್ತು. ಒಂದೇ ಕಾಳನ್ನು ಸೀಳಿ ಕೊಟ್ಟವನೇ ಎಂದು ಶುರು ಮಾಡಿ ನಿಲ್ಲಿಸಿದೆ. ಆ ಹಾಡು ಬಾಯಿಗೆ ಬರಲಿಲ್ಲ. ಪಕ್ಕದ ಮುದುಕಿ ನನ್ನ ಪರವಾಗಿ ಹಾಡಿ ಮುಗಿಸಿದಳು.

ಹೊರಗೆ ಅಣ್ಣತಮ್ಮಂದಿರು ಚಿಕ್ಕಪ್ಪನ ಎದುರು ತಲೆ ತಗ್ಗಿಸಿ ನಿಂತಿದ್ದರು. ಮೆದೆರ್ ಬಿಟ್ಟುಹೋದ ಕೋಲು ಇನ್ನೂ ಚಿಕ್ಕಪ್ಪನ ಕೈಯಲ್ಲೇ ಇತ್ತು.

"ಕಾದೆ ಕಣ್ರಪ್ಪಾ," ಅಂದ ಅವನು. "ಮುಲ್ಲಾ ಬೇಡ ಅಂದ್ರೂ ಕಾದೆ. ಜನ ನಿಂತೂ ನಿಂತೂ ಕಾಲು ಮರಗಟ್ಟಿತು. ಗುಂಡಿ ಬಾಯಿ ತೆಕ್ಕೊಂಡು ಕೂತಿತ್ತು. ಇಬ್ಬರು ಗಂಡುಮಕ್ಕಳಿದ್ದೂ ನಮ್ಮಣ್ಣನ್ನ ನಾನು ಇಳಿಸ್ಬೇಕಾಯ್ತು."

ಮೆದೆರ್ ಬಿಕ್ಕಿ ಬಿಕ್ಕಿ ಅಳತೊಡಗಿದ. ಚಿಕ್ಕಪ್ಪ ಅವನ ಬೆನ್ನು ಸವರಿ, ನನ್ನ ಕಡೆಗೂ ಒಮ್ಮೆ ನೋಡಿದ.

"ಬೇಜಾರು ಮಾಡ್ಕೊಬೇಡಿ. ನಿಮ್ಮ ಹೆಸರಲ್ಲಿ ನಾನೇ ಮಣ್ಣು ಹಾಕಿದೀನಿ. ತುರಾತಂದು ಒಂದು ಹಿಡಿ, ಮೆದೆರಂದು ಒಂದು ಹಿಡಿ, ಬುರುಲಂದು ಒಂದು ಹಿಡಿ. ಮೂವರಿಗೂ ಸಮ."

ನನಗೆ ಆ ಮನೆಯಲ್ಲಿ ಗಂಡುಮಕ್ಕಳ ಸಮಕ್ಕೆ ಸಿಕ್ಕಿದ್ದು ಅದೊಂದೇ, ಆ ಹಿಡಿ ಮಣ್ಣು. ಅದನ್ನೂ ಇನ್ನೊಬ್ಬರು ಹಾಕಿದರು.

ಮೂರನೆಯ ದಿನದ ಊಟ ಮುಗಿಯಿತು. ಅಷ್ಟರಲ್ಲಿ ಜೀಪು ಹೋಗಿ ಅಣ್ಣನ ಕಾರನ್ನು ಘಾಟಿಯಿಂದ ಎಳೆದು ತಂದಿತ್ತು. ನಾನು ಮನೆಗೆ ಹೊರಡಲು ಗಂಟು ಕಟ್ಟುತ್ತಿದ್ದಾಗ ಅಂಗಳದಲ್ಲಿ ಸ್ಪಾನರಿನ ಸದ್ದು ಕೇಳಿಸಿತು. ಹೊರಗೆ ಬಂದು ನೋಡಿದರೆ, ಮೆದೆರನ ಕಾರು ಜಾಕಿನ ಮೇಲೆ. ಹಿಂದಿನ ಎರಡು ಟೈರು ಬಿಚ್ಚಿ ತುರಾತನ ಕಾರಿನ ಮುಂದಕ್ಕೆ ಹಾಕುತ್ತಿದ್ದರು. ಇಬ್ಬರೂ ಸೇರಿ, ಬಹಳ ಅನ್ಯೋನ್ಯವಾಗಿ, ಒಬ್ಬ ಹಿಡಿದು ಇನ್ನೊಬ್ಬ ತಿರುಗಿಸಿ. ಚಿಕ್ಕಪ್ಪ ಪಕ್ಕದಲ್ಲಿ ನಿಂತು ನೋಡುತ್ತಿದ್ದ.

"ಏನ್ರೋ ಇದು?" ಅಂದೆ.

"ಅಣ್ಣಂಗೆ ಸೇರಬೇಕಾದ್ದು ಅಣ್ಣಂಗೆ, ನಂಗೆ ಸೇರಬೇಕಾದ್ದು ನಂಗೆ," ಅಂದ ಮೆದೆರ್. "ನಾನು ಬಿಚ್ಚಿಕೊಡಲ್ಲ ಅಂದಿದ್ದ. ಕೊಟ್ಟೆ ನೋಡು."

"ನಾಲ್ಕೂ ಒಂದಕ್ಕೇ ಇರಲಿ ಕಣ್ರೋ! ಯಾರದ್ದಕ್ಕಾದ್ರೂ ಇರಲಿ. ನೋಡಿದ್ರಲ್ಲ ಕಣ್ಣಾರೆ! ಆಗಲ್ಲ ಅಂದ್ರೆ ಇನ್ನೊಂ‌ದು ಟಗರು ಕೊಟ್ಟು ಇನ್ನೂ ನಾಲ್ಕು ತನ್ನಿ."

ಇಬ್ಬರೂ ಕೈ ನಿಲ್ಲಿಸಿದರು. ಉತ್ತರ ಕೊಟ್ಟದ್ದು ಚಿಕ್ಕಪ್ಪ.

"ಬೇಡ ಬುರುಲ್. ಸತ್ತೋನು ತನ್ನ ಕೈಯಾರೆ ಹಾಕಿದ ಪಾಲು ಅದು. ಮುಂದಕ್ಕೆ ಹಾಕಿ ಅಂತ ಅವನೇ ಹೇಳಿದಾನೆ. ಇನ್ನು ಅದನ್ನ ತಿರುಗಿಸಿ ಮುರುಗಿಸಿ ಮಾಡಬಾರದು."

"ಅಪ್ಪ ಹೇಳಿದ್ದು ಮುಂದಕ್ಕೆ," ಅಂದ ತುರಾತ್, ಕಣ್ಣೀರು ತುಂಬಿಕೊಂಡು. "ಮುಂದಕ್ಕೇ ಇರಲಿ."

ಅಪ್ಪ ಬದುಕಿದ್ದರೆ, ಘಾಟಿಯಲ್ಲಿ ಹೀಗಾಯಿತು ಕಣಪ್ಪಾ ಎಂದು ನಾನು ಜಗಳವಾಡಬಹುದಿತ್ತು. ಅವನು ಕಾರಿನಡಿ ಮಲಗಿ ನೋಡಿ, ಗಡ್ಡ ಕೆರೆದುಕೊಂಡು, ಮತ್ತೊಂದು ಟಗರು ಹೊಡೆದುಕೊಂಡು ಸಂತೆಗೆ ಹೋಗುತ್ತಿದ್ದನೋ ಏನೋ. ಸತ್ತವನ ಹತ್ತಿರ ಹೇಗೆ ಜಗಳವಾಡುವುದು? ಅವನು ಮಾಡಿದ ತಪ್ಪೂ ಈಗ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ವಸ್ತುವಾಗಿತ್ತು. ಚಿಕ್ಕಪ್ಪ ನಿಜವಾಗಿಯೂ ಬಗ್ಗಿ ಆ ಟೈರನ್ನು ಸವರಿದ.

ನಾನು ಅಣ್ಣನ ಕಾರು ಹತ್ತಿದೆ. ಬೇರೆ ದಾರಿಯಿರಲಿಲ್ಲ. ಚಿಕ್ಕಪ್ಪನ ಜೀಪಿನಲ್ಲಿ ಹೋಗುತ್ತೇನೆ ಎಂದರೆ ಅಣ್ಣನಿಗೆ ಅವಮಾನ. ಏರಿನಲ್ಲಿ ಕಾರು ಕಚ್ಚಿಕೊಂಡು ಹತ್ತಿತು, ಮೊಳೆಗಳು ಕಿರಿಕಿರಿ ಅಂದವು. ಅಣ್ಣ ಕನ್ನಡಿಯಲ್ಲಿ ನನ್ನ ಮುಖ ನೋಡಿ, ಕಣ್ಣನ್ನು ಮತ್ತೆ ರಸ್ತೆಗೆ ತಿರುಗಿಸಿದ. ನೆತ್ತಿ ಬಂತು.

"ನಿಲ್ಸು," ಅಂದೆ.

"ಯಾಕೆ?"

"ನಿಲ್ಸು ಅಂದೆ."

ಇಳಿದೆ. ಬಾಗಿಲು ಹಾಕಿದೆ. "ಕೆಳಗೆ ಸಪಾಟು ಬಂದ ಮೇಲೆ ಕಾಯ್ತಿರು. ನಡ್ಕೊಂಡು ಬರ್ತೀನಿ."

"ಹುಚ್ಚು ಹಿಡಿದಿದ್ಯಾ? ಈ ಚಳೀಲಿ? ಮೆತ್ತಗೆ ಹೋಗ್ತೀನಿ ಕಣೇ, ಹತ್ತು."

"ಅಪ್ಪ ನಿಂಗೆ ಟೈರು ಕೊಟ್ಟ. ನಂಗೆ ಕಾಲು ಕೊಟ್ಟಿದಾನೆ. ನೀನು ಹೋಗು."

ಅಣ್ಣ ಇನ್ನಷ್ಟು ಕರೆದ, ಬೈದ, ಹಾರನ್ನು ಹೊಡೆದ. ಕೊನೆಗೆ ಮೆಲ್ಲಗೆ ಮುಂದೆ ಬಿಟ್ಟುಕೊಂಡು ಹೋದ. ಒಂದೊಂದು ತಿರುವಿನ ಆಚೆಗೂ ನಿಂತು, ನಾನು ಕಣ್ಣಿಗೆ ಬೀಳುವವರೆಗೆ ಕಾದು, ಮತ್ತೆ ಹೊರಡುತ್ತಿದ್ದ.

ಒಬ್ಬಳೇ ಆದ ಮೇಲೆ ದನಿ ಎತ್ತಿದೆ. ಗುಡಾರದಲ್ಲಿ ಬಾರದ ಹಾಡು ಅಲ್ಲಿ, ಯಾರೂ ಇಲ್ಲದ ಹಿಮದಲ್ಲಿ, ತಾನೇ ಬಂತು. ದಾರಿಯಲ್ಲಿ ಕಟ್ಟಿಕೊಂಡು ಹೋಗಿದ್ದ ಹಾಡಲ್ಲ, ಬೇರೆಯೇ. ಸಮ ಸಮ ಹಂಚಿದವನೇ, ನಿನ್ನ ಮುಖವನ್ನು ಯಾರ ಪಾಲಿಗೆ ಹಾಕಿ ಹೋದೆ. ಇಬ್ಬರಿಗೂ ಅರ್ಧರ್ಧ ಕೊಟ್ಟವನೇ, ಇಬ್ಬರೂ ನಿನ್ನ ಬಳಿ ಬಂದು ಮುಟ್ಟಲಿಲ್ಲವಲ್ಲ. ಕೂತುಕೊಂಡು ಬರುವವಳು ನಾನು ಎಂದೆಯಲ್ಲ, ನೋಡು ಬಾ, ನಡೆದು ಹೋಗುತ್ತಿದ್ದೇನೆ. ಅಷ್ಟು ಜೋರಾಗಿ ನಾನು ಎಂದೂ ಅತ್ತಿರಲಿಲ್ಲ. ಅಪ್ಪನನ್ನು ಅಷ್ಟು ಬೈದದ್ದೂ ಇಲ್ಲ, ಅವನು ಅಷ್ಟು ಬೇಕೆನ್ನಿಸಿದ್ದೂ ಇಲ್ಲ.

ಕೆಳಗಿನ ತಿರುವಿನಲ್ಲಿ ಅಣ್ಣನ ಕಾರಿನ ಹಿಂಭಾಗ ಹೊರಕ್ಕೆ ಜಾರಿತು. ನಾನು ಅಳು ನಿಲ್ಲಿಸಿ ನೋಡಿದೆ. ಕಾರು ಓಲಾಡಿತು, ಆಚೆ ಅಂಚಿಗೆ ಹೋಯಿತು, ಹೇಗೋ ನೇರವಾಯಿತು. ಮುಂದೆ ಇನ್ನೊಂದು ತಿರುವಿತ್ತು. ನಾನು ಮತ್ತೆ ಅಳುತ್ತ ಇಳಿಯತೊಡಗಿದೆ.